ಸೊನ್ನೆಯ ತೂಕ

ಹತ್ತು ಲೀಟರಿಗೆ ನನ್ನ ಬಳಿ ಲೆಕ್ಕವಿತ್ತು.
ಎರಡೂವರೆ ಕಿಲೋ ಮಾಲ್ಟು, ಒಂದು ಹಿಡಿ ಹಾಪ್ಸು,
ಗಂಜಿ ಬೇಯಿಸುವ ಪಾತ್ರೆ, ಹಳೇ ಪಂಚೆಯ ಸೋಸುಬಟ್ಟೆ.
ಕುದಿಸಿ, ಬಾವಿನೀರಿನ ತೊಟ್ಟಿಯಲ್ಲಿ ಇಳಿಸಿಟ್ಟರೆ
ರೇಡಿಯೋದಲ್ಲಿ ಕೋರಿಕೆಯ ಹಾಡು ಮುಗಿಯುವುದರೊಳಗೆ
ಆರುತ್ತಿತ್ತು.
ಆಮೇಲೆ ಮಂಚದ ಕೆಳಗೆ ಹದಿನೈದು ದಿನ
ಗುಳುಗುಳು ಅನ್ನುತ್ತಾ ಬಿದ್ದಿರುತ್ತಿತ್ತು,
ಸಾಕಿದ ಪ್ರಾಣಿಯ ಹಾಗೆ.

ಮೂರ್ನಾಡಿನ ಕಾಫಿ ಗೋದಾಮಿನಲ್ಲಿ
ನಾನು ತೂಕ ಬರೆಯುವವಳು.
ಮೂಟೆಗೆ ಐವತ್ತು, ಎರಡಕ್ಕೆ ನೂರು,
ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.
ಮೇಸ್ತ್ರಿ ಚೀಯಣ್ಣನ ನಿವೃತ್ತಿಗೆ
‘ಮುದ್ದವ್ವ, ನೂರು ಲೀಟರ್ ಆಗ್ತದಾ?’ ಎಂದು ಕೇಳಿದಾಗ
ಕಾಗದದಲ್ಲಿ ಒಂದು ಸೊನ್ನೆ ಸೇರಿಸಿದೆ.
ಅಷ್ಟೆ.

ಸೊನ್ನೆಗೂ ತೂಕವಿದೆ ಎಂದು ತಿಳಿದದ್ದು
ಬಾಡಿಗೆಗೆ ತಂದ ಬಿರಿಯಾನಿ ಹಂಡೆಯ
ಕಿವಿ ಹಿಡಿದು ನಿಂತಾಗ.
ತುಂಬಿದ ಹಂಡೆಯನ್ನು ಯಾರೂ ಎತ್ತುವುದಿಲ್ಲ.
ಅದು ಇದ್ದಲ್ಲೇ ಇರುತ್ತದೆ,
ನಾವು ಅದರ ಸುತ್ತ ಓಡಾಡಬೇಕು.
ನೊರೆ ಉಕ್ಕಿ ಅರ್ಧ ಒಲೆ ಆರಿತು.
ಆರಬೇಕಾದ ರಸ ಮಾತ್ರ
ಹೊತ್ತು ಮುಳುಗಿದರೂ ಆರಲಿಲ್ಲ.

ಫ್ರಿಜ್ ರಿಪೇರಿಯ ಉಮ್ಮರ್ ಬಂದ,
ತಾಮ್ರದ ಕೊಳವೆಯನ್ನು ಗ್ಯಾಸ್ ಸಿಲಿಂಡರಿಗೆ ಸುತ್ತಿ ಸುತ್ತಿ
ಬಳ್ಳಿಯ ಹಾಗೆ ಬಗ್ಗಿಸಿದ.
‘ಕುಡಿಯೋದು ನಮಗೆ ಬೇಡ ಅಕ್ಕ,
ಆದರೆ ಇದು ತಣ್ಣಗಾಗೋದನ್ನ ನೋಡ್ಬೇಕು’ ಎಂದು
ಮೆಟ್ಟಿಲ ಮೇಲೆ ಕೂತ.
ಕೊಳವೆಯೊಳಗೆ ಬಾವಿನೀರು ಹರಿಯಿತು,
ಆಚೆ ತುದಿಯಲ್ಲಿ ಹೊಗೆಯಾಡುತ್ತಾ ಬಿತ್ತು.
ಆ ಬಿಸಿನೀರಲ್ಲಿ ಇಬ್ಬರೂ ಕಾಲು ತೊಳೆದುಕೊಂಡೆವು.

ಎರಡನೇ ರಾತ್ರಿ ಡ್ರಮ್ಮಿಗೆ ಅಂಗೈ ಇಟ್ಟೆ.
ಜ್ವರ.
ಹತ್ತು ಲೀಟರ್ ತನ್ನ ಬಿಸಿಯನ್ನು
ಗೋಡೆಗೆ, ನೆಲಕ್ಕೆ, ಕತ್ತಲಿಗೆ ಕೊಟ್ಟು ಮಲಗುತ್ತಿತ್ತು.
ನೂರು ಲೀಟರ್ ಯಾರಿಗೂ ಕೊಡದೆ
ಹೊಟ್ಟೆಯಲ್ಲೇ ಇಟ್ಟುಕೊಂಡು ಕುದಿಯುತ್ತದೆ.
ಇದನ್ನು ಯಾವ ಮಗ್ಗಿಯೂ ನನಗೆ ಹೇಳಿರಲಿಲ್ಲ.

ಮೂಟೆ ಹೊರುವ ಚಾತ ಗೋದಾಮಿನಿಂದ ಗೋಣಿಚೀಲ ತಂದ.
ಬೆಳಗಿನ ಜಾವ ಮೂರಕ್ಕೆ, ಎಪ್ರಿಲ್ ಸೆಕೆಯಲ್ಲಿ,
ನಾನು, ಚಾತ, ಅವನ ಹೆಂಡತಿ,
ನಿದ್ದೆ ಬಾರದೆ ಮತ್ತೆ ಬಂದ ಉಮ್ಮರ್,
ಒದ್ದೆ ಗೋಣಿ ಹೊದಿಸಿ, ತೆಗೆದು, ಹಿಂಡಿ, ಮತ್ತೆ ಹೊದಿಸಿದೆವು,
ಸನ್ನಿ ಹಿಡಿದ ಮಗುವಿನ ಹಾಗೆ.
ಯಾರೂ ಮಾತಾಡಲಿಲ್ಲ.
ಒಳಗಿನದ್ದೇ ಮಾತಾಡುತ್ತಿತ್ತು.

ಜ್ವರ ಇಳಿಯಿತು. ಆದರೆ ಗುರುತು ಉಳಿಯಿತು:
ನೂರು ಲೀಟರಿಗೂ ಮಾಗಿದ ಪುಟ್ಟಬಾಳೆಯ ವಾಸನೆ.
ನಿವೃತ್ತಿಯ ದಿನ ಚೀಯಣ್ಣ
ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ.
‘ಇದಕ್ಕೆ ಹಣ್ಣು ಹಾಕಿದ್ಯಾ?’
ಇಲ್ಲ ಅಂದೆ.
‘ಹಾಕ್ಬೇಡ’ ಎಂದು ಲೋಟ ಮತ್ತೆ ಚಾಚಿದ.

ಆ ತಿಂಗಳ ದಾಸ್ತಾನಿನಲ್ಲಿ
ಆರು ಗೋಣಿಚೀಲ ಕಡಿಮೆ ಬಿದ್ದವು.
ಬೀರು ಕುಡಿದ ಚೀಲಕ್ಕೆ
ಕಾಫಿ ತುಂಬಲಾಗುತ್ತದೆಯೇ?
ಷರಾದ ಜಾಗದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ
‘ಇಲಿ ಕಡಿದದ್ದು’ ಎಂದು ಬರೆದು
ಸಹಿ ಹಾಕಿದೆ.