ಕಡಲಕಿವಿ

ಮೊದಲ ಸಲ ಹೋದಾಗ ಕೇಬಲ್ಲು ಬದಲಿಸಿದೆ.
ಉಪ್ಪುಗಾಳಿಗೆ ಒಳಗಿನ ತಾಮ್ರವೆಲ್ಲ
ಹಸಿರು ಕಿಲುಬು ಹಿಡಿದಿತ್ತು.
ಸಿಕ್ಕ ಕಳ್ಳ, ಅಂದುಕೊಂಡೆ.
ಅಡೆಲೀನ್ ವಿಬೆರ್ ಚಹಾ ಕೊಟ್ಟಳು, ಕಾಸೂ ಕೊಟ್ಟಳು.
ಗುರುವಾರ ಮತ್ತೆ ಫೋನು:
'ರೆನೂಫ್, ಸುದ್ದಿ ಓದುವವನ ಮೋರೆ
ಚೌಕ ಚೌಕ ಒಡೆದು ಉದುರ್ತಾ ಇದೆ,
ಗಾರೆ ಕಿತ್ತ ಗೋಡೆ ಥರ.'

ಎರಡನೆಯ ಸಲ ಪಿನ್ನು, ಬೂಸ್ಟರು, ಗೋಡೆಯ ಸಾಕೆಟ್ಟು.
ಮೂರನೆಯ ಸಲ ಏಣಿ ಹಾಕಿ ಮಾಡು ಹತ್ತಿ
ಆಂಟೆನಾವನ್ನು ಅರ್ಧ ಬೆರಳು ಎಡಕ್ಕೆ, ಅರ್ಧ ಬೆರಳು ಬಲಕ್ಕೆ,
ಕೊಲ್ಲಿಯಾಚೆಯ ಗೋಪುರದ ಕೆಂಪು ದೀಪಕ್ಕೆ ಗುರಿಯಿಟ್ಟು
ಕೂಗಿದೆ: 'ಈಗ?'
'ಚೆನ್ನಾಗಿದೆ!'
ನಾನು ಹೋದಾಗೆಲ್ಲ ಚೆನ್ನಾಗಿಯೇ ಇರುತ್ತಿತ್ತು,
ವೈದ್ಯನ ಬಾಗಿಲು ತಟ್ಟಿದೊಡನೆ
ಹಲ್ಲುನೋವು ಹೋಗುತ್ತದಲ್ಲ, ಹಾಗೆ.

ಪಕ್ಕದ ಲ ಗ್ರೆಸ್ಲಿಯ ಹಾಲು ತಂಪಿಸುವ ಯಂತ್ರದ ಮೇಲೆ
ಅನುಮಾನ ಬಂತು. ಬೈದುಕೊಂಡೇ
ಒಂದು ಗಂಟೆ ಆಫ್ ಮಾಡಿ ನಿಂತ.
ಯಂತ್ರ ನಿರಪರಾಧಿ.
ಆಂಟೆನಾ ಮೇಲೆ ಕೂರುವ ಕಡಲಹಕ್ಕಿಯನ್ನು ಹೆದರಿಸಲು
ಪ್ಲಾಸ್ಟಿಕ್ಕಿನ ಗೂಬೆ ಕಟ್ಟಿದೆ.
ಹಕ್ಕಿ ಗೂಬೆಯ ತಲೆಯ ಮೇಲೆ ಕೂತಿತು.

ಐದನೆಯ ಸಲಕ್ಕೆ ನಾಚಿಕೆಯಾಗಿ
ಉಪಕರಣದ ಪೆಟ್ಟಿಗೆ ವ್ಯಾನಿನಲ್ಲೇ ಬಿಟ್ಟೆ.
ಹೊತ್ತು ಬರೆದಿಡು ಅಂದಿದ್ದೆ. ಬರೆದಿದ್ದಳು,
ಬ್ರೆಡ್ಡಿನ ರಸೀದಿಯ ಬೆನ್ನಿಗೆ, ಮೊಂಡು ಪೆನ್ಸಿಲ್ಲಿನಲ್ಲಿ:
ಸೋಮವಾರ ಹನ್ನೆರಡೂಕಾಲು.
ಮಂಗಳವಾರ ಒಂದು.
ಬುಧವಾರ ಒಂದು ನಲವತ್ತು.
ದಿನದಿನವೂ ಮುಕ್ಕಾಲು ಗಂಟೆ ತಡವಾಗಿ ಬರುವ
ಈ ಕಾಯಿಲೆ ಯಾವುದು?

ತಲೆಯೆತ್ತಿದೆ. ಟೀವಿಯ ಮೇಲುಗಡೆ ಒಂದು ಮೊಳೆ,
ಮೊಳೆಗೆ ಉಬ್ಬರ ಇಳಿತದ ಪಟ್ಟಿ.
ಈ ಜೆರ್ಸಿ ದ್ವೀಪದಲ್ಲಿ ಯಾರ ಮನೆಯಲ್ಲಿ ಇಲ್ಲ ಅದು?
ರಸೀದಿಯನ್ನು ಪಕ್ಕಕ್ಕೆ ಹಿಡಿದೆ.
ಆಮೇಲೆ ಕಿಟಕಿಯಾಚೆ ನೋಡಿದೆ.
ಕಡಲು ಇರಲಿಲ್ಲ.
ಎರಡು ಮೈಲಿ ಕರಿ ಬಂಡೆ, ಜೊಂಡು, ಹೊಳೆವ ಕೆಸರು.
ಬೆನ್ನ ಹಿಂದೆ ಸುದ್ದಿಯವನ ದನಿ
ಕತ್ತರಿಸಿ ಕತ್ತರಿಸಿ ನಿಂತುಹೋಯಿತು.

ವಿವರಿಸಿದೆ: ಸಂಕೇತ ಬರುವುದು ಎರಡು ದಾರಿಯಲ್ಲಿ.
ಒಂದು ನೇರ, ಗಾಳಿಯಲ್ಲಿ.
ಇನ್ನೊಂದು ನೀರಿಗೆ ತಾಗಿ, ಪುಟಿದು.
ನೀರು ಇಳಿದರೆ ಎರಡನೆಯದರ ದಾರಿ ಬದಲಾಗುತ್ತದೆ.
ಒಬ್ಬ ಹೂಂ ಅನ್ನುವ ಹೊತ್ತಿಗೆ ಸರಿಯಾಗಿ
ಇನ್ನೊಬ್ಬ ಊಹೂಂ ಅಂದರೆ
ಕೇಳುವವನಿಗೆ ಸಿಗುವುದು ಸೊನ್ನೆ.

'ಸುಳ್ಳು,' ಅಂದಳು. 'ಈ ಮನೆಗೆ ಬಂದು
ನಲವತ್ತೊಂದು ವರ್ಷ. ಒಂದು ದಿನವೂ ಹೀಗೆ ಹೋಗಿಲ್ಲ.'
ಅಂದವಳು ಸುಮ್ಮನಾದಳು.
ಕುರ್ಚಿಗೆ ಒರಗಿಸಿದ ಊರುಗೋಲನ್ನು ನೋಡಿದಳು.
ಕಿಟಕಿಯ ಕಟ್ಟೆಯ ಮೇಲೆ ಆರ್ಮರ್ ಚಿಪ್ಪುಗಳ ಸಾಲು;
ಕಡಲಕಿವಿ ಅನ್ನುತ್ತಿದ್ದಳು ನನ್ನ ಅಜ್ಜಿ.
ಒಳಗೆಲ್ಲ ಮುತ್ತಿನ ಬಣ್ಣ. ಒಂದರಲ್ಲಿ
ರಿಮೋಟಿನ ಹಳೇ ಸೆಲ್ಲು.

'ನೀರು ಇಳಿದ ಹೊತ್ತಲ್ಲಿ ನಾನು
ಮನೇಲಿ ಇದ್ದದ್ದೇ ಇಲ್ಲ, ಕಣೋ.
ಕೊಕ್ಕೆ, ಬುಟ್ಟಿ, ಮೊಣಕಾಲುದ್ದ ಬೂಟು.
ಅಲ್ಲಿ, ಆ ಮೂರನೆಯ ಬಂಡೆಸಾಲಿನಾಚೆ.
ಈ ಚಳಿಗಾಲ ಸೊಂಟದ ಕೀಲು ಬದಲಿಸಿ
ಕೂರಿಸಿದ್ದಾರೆ ನೋಡು, ಇದರ ಮುಂದೆ.'
ಆಮೇಲೆ, ಟೀವಿಗೋ ನನಗೋ:
'ಕಲ್ಲು ತಿರುಗಿಸಿದರೆ
ಮತ್ತೆ ಮೊದಲಿದ್ದ ಹಾಗೇ ಇಡಬೇಕು.
ಈಗಿನವರು ಇಡೋದಿಲ್ಲ.'

ಎರಡನೆಯ ಆಂಟೆನಾ ಕೂರಿಸಿದೆ, ಮೊದಲಿನದಕ್ಕಿಂತ
ಎರಡು ಮಾರು ಕೆಳಗೆ.
ಮೇಲಿನದಕ್ಕೆ ಊಹೂಂ ಕೇಳಿದಾಗ
ಕೆಳಗಿನದಕ್ಕೆ ಹೂಂ ಕೇಳಲಿ ಅಂತ.
ಗೂಬೆ ಬಿಚ್ಚಲು ಹೋದೆ. ಇರಲಿ ಅಂದಳು,
ಹಕ್ಕಿಗೆ ರೂಢಿಯಾಗಿದೆ.

ಮಾರ್ಚಿಯ ದೊಡ್ಡ ಇಳಿತದ ದಿನ
ಚಿತ್ರ ನಿಂತಿದೆಯೋ ಇಲ್ಲವೋ ಕೇಳೋಣವೆಂದು ಫೋನು ಮಾಡಿದೆ.
ಹನ್ನೆರಡು ಸಲ ರಿಂಗಾಯಿತು.
ವ್ಯಾನಿನಲ್ಲಿ ಈಗ ನಾನೂ ಒಂದು ಪಟ್ಟಿ ಇಟ್ಟಿದ್ದೇನೆ.
ಬೆರಳಿಟ್ಟು ಹೊತ್ತು ನೋಡಿ,
ಫೋನು ಇಟ್ಟೆ.