ಗುಲ್ಮ

ಕಾಫಿ ಚೀಲದಲ್ಲಿ ಸುತ್ತಿ ತಂದಿದ್ದ ಬೊಳಕ,
ತಿತಿಮತಿಯ ಪಶು ಆಸ್ಪತ್ರೆಗೆ,
ರಾತ್ರಿ ಎಂಟೂವರೆಗೆ.
"ಬೇಲಿ ತಂತಿ ಕುಯ್ದದ್ದು ಡಾಕ್ಟ್ರೆ" ಎಂದ.
ತಂತಿಗೆ ಕೋರೆ ಇರುವುದಿಲ್ಲ.
ಹಂದಿಯ ಮಾತು ಅವನೂ ಎತ್ತಲಿಲ್ಲ,
ನಾನೂ ಕೇಳಲಿಲ್ಲ.
ಚೀಲ ಬಿಚ್ಚಿದರೆ ಕೆಂಚಿಯ ಒಸಡು
ಸುಣ್ಣದ ಬಣ್ಣ.

ಕರೆಂಟು ಇರಲಿಲ್ಲ. ಅಟೆಂಡರ್ ಸೂಫಿ
ಹಣೆಗೆ ಟಾರ್ಚು ಕಟ್ಟಿಕೊಂಡು ಬಗ್ಗಿದ.
ಹೊಟ್ಟೆ ತೆರೆದರೆ ತುಂಬಾ ಹೆಪ್ಪಾಗದ ಕತ್ತಲೆ;
ಬೊಗಸೆಯಲ್ಲಿ ಎತ್ತಿ ಎತ್ತಿ ಸುರಿದೆ.
ಎಡಕ್ಕೆ, ಜಠರದ ಬದಿಗೆ,
ನೇರಳೆ ಬಣ್ಣದ ನಾಲಿಗೆಯಂಥ ಗುಲ್ಮ
ಎರಡು ಸೀಳಾಗಿತ್ತು.

ಹೊಲಿಯಲು ಬರುವುದಲ್ಲ ಅದು.
ನೆನೆದ ಬೆಲ್ಲಕ್ಕೆ ಯಾರು ಹೊಲಿಗೆ ಹಾಕಿದ್ದಾರೆ?
ನಾಳಗಳನ್ನು ಒಂದೊಂದಾಗಿ ಬಿಗಿದು
ಕಿತ್ತು ಬೇಸಿನ್ನಿಗೆ ಹಾಕಿದೆ.

ಎಸೆಯುವ ಮುನ್ನ ಕೈ ತಡೆಯಿತು.
ಹೆಬ್ಬಾಳದಲ್ಲಿ ಓದುವಾಗ ಅರೆನಿದ್ದೆಯಲ್ಲಿ ಕೇಳಿದ್ದು:
ಹೋಳು ಮಾಡಿ ವಪೆಯಲ್ಲಿಟ್ಟರೆ ಹತ್ತಿಕೊಳ್ಳುತ್ತದಂತೆ,
ಇಲಿಯಲ್ಲಿ, ಮೊಲದಲ್ಲಿ, ಹಂದಿಮರಿಯಲ್ಲಿ.
ಸೀಳದೆ ಉಳಿದ ತುದಿಯಿಂದ
ತೆಳ್ಳಗೆ ಐದು ಹೋಳು ಕೊಯ್ದೆ.
ಕರುಳು ಹೊದ್ದ ಕೊಬ್ಬಿನ ಸೆರಗಿನಲ್ಲಿ
ಐದು ಗಂಟು ಹಾಕಿದೆ,
ಸಂತೆಗೆ ಹೊರಟವಳು ಚಿಲ್ಲರೆ ಕಟ್ಟಿಕೊಂಡ ಹಾಗೆ.
ಸೂಫಿ ಕೇಳಿದ, "ಇದು ಪುಸ್ತಕದಲ್ಲಿ ಉಂಟಾ?"
ಉಂಟು ಎಂದೆ.
"ಕೆಂಚಿಯಂಥ ನಾಯಿಗೆ ಉಂಟಾ?"
ದಾರ ಕತ್ತರಿಸು ಎಂದೆ.

ಆಮೇಲೆ ಆಗಾಗ ಒಂದು ಹನಿ ರಕ್ತ, ಗಾಜಿನ ಮೇಲೆ.
ಗುಲ್ಮವಿಲ್ಲದ ಮೈಯಲ್ಲಿ
ಕೆಂಪು ಕಣಗಳು ಕಪ್ಪು ಚುಕ್ಕೆ ಹೊತ್ತೇ ತಿರುಗುತ್ತವೆ;
ಅಕ್ಕಿಯ ಕಲ್ಲು ಆರಿಸುವವಳು ಮನೆಯಲ್ಲಿಲ್ಲ.
ಕಾಫಿ ಹೂ ಬಿಟ್ಟಾಗ ಸಾವಿರಕ್ಕೆ ಹನ್ನೊಂದು.
ಕೈಲ್‌ಪೊಳ್ದಿಗೆ ಏಳು.
ಪುತ್ತರಿಯ ಹೊತ್ತಿಗೆ ಎಣಿಸಲು ಎರಡೇ ಸಿಕ್ಕವು.
ಕಣ್ಣು ತಪ್ಪಿತೇನೋ ಎಂದು ಮತ್ತೊಂದು ಸ್ಲೈಡು.
ಇಲ್ಲ,
ಯಾರೋ ಒಳಗೆ ಕೂತು ಮೊರ ಹಿಡಿದಿದ್ದಾರೆ.

ನಡುವೆ ಉಣ್ಣೆಜ್ವರ ಬಂದು
ಹನ್ನೆರಡು ದಿನ ಮಲಗಿತು ಕೆಂಚಿ.
ಪಕ್ಕದ ಲೈನಿನ ನಾಯಿ ನಾಲ್ಕೇ ದಿನಕ್ಕೆ ಎದ್ದಿತ್ತು.
ಅದನ್ನೂ ಬರೆದಿಟ್ಟೆ.

ಎರಡನೇ ವರ್ಷ, ಮರಿ ಅಡ್ಡ ಸಿಕ್ಕಿ,
ಮತ್ತೆ ಅದೇ ಮೇಜು, ಅದೇ ಹಳೆಯ ಗೆರೆ.
ಮೂರು ಮರಿಗಳನ್ನು ಸೂಫಿಯ ಟವೆಲ್ಲಿಗೆ ಕೊಟ್ಟು
ಸೆರಗು ಸರಿಸಿ ನೋಡಿದೆ.
ಐದು ಗಂಟಿನಲ್ಲಿ ನಾಲ್ಕು ಬೆಳೆದಿದ್ದವು
ಕಾಫಿ ಹಣ್ಣಿನ ಗಾತ್ರಕ್ಕೆ,
ತಮ್ಮದೇ ಸಣ್ಣ ನಾಳ ಎಳೆದುಕೊಂಡು.
ಒಂದು ಬರೀ ಕಲೆ.
ಆದರೆ ಕರುಳಿನ ಮಡಿಕೆಯಲ್ಲಿ, ಮೂತ್ರಕೋಶದ ಬಳಿ,
ಪಕ್ಕೆಗೋಡೆಯ ಒಳಮೈಗೆ ಅಂಟಿ
ನಾನು ಇಡದ ಐದು!
ಆ ರಾತ್ರಿ ಬೊಗಸೆಯ ಕತ್ತಲೆಯಲ್ಲಿ
ಬೆರಳ ಸಂದಿನಿಂದ ಸೋರಿದವು.
ಹಂದಿಯ ಕೋರೆಯೂ ಬಿತ್ತಿತ್ತು.

ಗುಲ್ಮವೆಂದರೆ ಪೊದೆ, ನಿಘಂಟಿನಲ್ಲಿ.
ಹಳೆಯ ದಂಡಿನ ಲೆಕ್ಕದಲ್ಲಿ
ಒಂಬತ್ತು ಆನೆ, ಒಂಬತ್ತು ರಥ,
ಕುದುರೆ ಕಾಲಾಳು ಎಲ್ಲ ಕೂಡಿ ಒಂದು ಗುಲ್ಮ.
ಬೆಳಿಗ್ಗೆ ಕರೆದೊಯ್ಯಲು ಬಂದ ಬೊಳಕನಿಗೆ
ಇದನ್ನೆಲ್ಲ ಹುಮ್ಮಸ್ಸಿನಲ್ಲಿ ಹೇಳಿದೆ.
ಕಿತ್ತೆಸೆದದ್ದೂ ಬಿದ್ದಲ್ಲಿ ಬೇರು ಬಿಡುತ್ತದೆ,
ನೋಡು, ಒಂಬತ್ತು, ಎಂದೆ.

ಅವನು ಮರಿಗಳನ್ನು ಚೀಲಕ್ಕೆ ಇಳಿಸುತ್ತಿದ್ದ.
"ಒಂಬತ್ತು ಲೈನ್‌ಮನೆ ಸೇರಿದರೆ
ಒಂದು ಹಾಡಿ ಆಗ್ತದಾ ಡಾಕ್ಟ್ರೆ?"
ಸಿಟ್ಟಿರಲಿಲ್ಲ ದನಿಯಲ್ಲಿ.
ಲೆಕ್ಕ ಕೇಳಿದ, ಅಷ್ಟೆ.

ಒಂಬತ್ತನ್ನೂ ತಕ್ಕಡಿಗೆ ಹಾಕಿದರೆ
ಹಳೆಯದರ ಕಾಲುಭಾಗ ತೂಗಲಿಕ್ಕಿಲ್ಲ.
"ಆಗುವುದಿಲ್ಲ" ಎಂದೆ.
"ಹ್ಞೂಂ" ಎಂದ,
ಮರಿಗಳಿಗೆ ಉಸಿರಾಡಲು ಚೀಲದ ಬಾಯಿ ಸಡಿಲ ಬಿಟ್ಟು.
ಕೆಂಚಿ ಹೊಸ ಹೊಲಿಗೆಯನ್ನೊಮ್ಮೆ ಮೂಸಿ
ಮೆಲ್ಲಗೆ, ಚೀಲದ ಹಿಂದೆ,
ಮೆಟ್ಟಿಲು ಇಳಿಯಿತು.