ಸ್ಥಳೀಯ ಹೆಸರು

ಹಾಳೆ ಸಂಖ್ಯೆ ಇನ್ನೂರ ಹದಿನೇಳು.
ಗೆಡ್ಡೆ, ಬಳ್ಳಿ, ಎಲೆ, ಎರಡು ಹೂವು
ಬಿಳಿ ದಾರದಲ್ಲಿ ಹೊಲಿದು ಕೂರಿಸಿದವಳು ನಾನು,
ಹಾಸನದ ಕಾಲೇಜಿನ ಅಟೆಂಡರು.
ಮೇಷ್ಟ್ರು ಲ್ಯಾಟಿನ್ನಿನಲ್ಲಿ ಎರಡು ಮಾತು ಬರೆದು
ಪೆನ್ನಿನ ಟೋಪಿ ಮುಚ್ಚಿ ಹೇಳಿದರು:
"ಸ್ಥಳೀಯ ಹೆಸರು ನೀನೇ ಕೇಳ್ಕೊಂಡು ಬಾರಮ್ಮ,
ನಿಮ್ಮ ಕಡೇದೇ ಅಲ್ವಾ."
ಖಾನೆ ಒಂದಂಗುಲ.

ನಮ್ಮ ಕಡೆಯದೇ.
ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು
ಕತ್ತಾಳೆ ಬೇಲಿ ಹಿಡಿದು ನಡೆದರೆ
ಆಷಾಢ ಕಳೆಯುವ ಹೊತ್ತಿಗೆ
ಲಂಟಾನದ ನೆತ್ತಿ ಹತ್ತಿ ಕೂತಿರುತ್ತದೆ,
ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು
ಸಿಕ್ಕಿದ್ದನ್ನು ಸುತ್ತಿ ಹಿಡಿದು.
ಮೊದಲು ಹಳದಿ, ನಾಲ್ಕು ದಿನಕ್ಕೆ ಕೆಂಪು.
ದಳಗಳೆಲ್ಲ ಹಿಂದಕ್ಕೆ,
ಎದುರುಗಾಳಿಯಲ್ಲಿ ಸೈಕಲ್ ತುಳಿಯುವವಳ ಸೆರಗಿನ ಹಾಗೆ.

ಕುರಿ ಹೊಡೆದುಕೊಂಡು ಬಂದ ಕೆಂಚೀರ ಅಂದ: ಕೋಳಿಕುಟುಮ.
ಕುಟುಮ ಅಂದರೇನೋ?
"ಯಾವನಿಗ್ಗೊತ್ತಕ್ಕ, ಕೋಳೀನೇ ಕೇಳು."

ಬಾಣಾವರದ ಗ್ರಂಥಿಗೆ ಅಂಗಡಿಯ ನಂಜುಂಡಶೆಟ್ಟರು
ಪೊಟ್ಟಣದ ಕಾಗದದ ಮೇಲೆ ನೇಗಿಲು ಬರೆದು
ಗೆಡ್ಡೆಯ ಪಕ್ಕ ಇಟ್ಟು ತೋರಿಸಿದರು:
ಲಾಂಗಲ ಅಂದರೆ ನೇಗಿಲು, ಅದಕ್ಕೇ ಲಾಂಗಲಿ.
ಮುಟ್ಟಿದ ಕೈ ತೊಳ್ಕೊ ಅಂತಲೂ ಅಂದರು.

ಹಿರೇಕಲ್ಲು ಗುಡ್ಡದ ಬುಡದಲ್ಲಿ
ಜಲ್ಲಿ ಒಡೆಯುವ ತಿಪ್ಪಯ್ಯನ ಬಾಯಲ್ಲಿ
ಅದು ಕರಡಿ ಕಣ್ಣಿನ ಗೆಡ್ಡೆ.
ಕರಡಿ ಕಣ್ಣು ಎಲ್ಲೈತೆ ಇದರಾಗೆ?
ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದ.
"ಸಂಜೆ ಹೊತ್ತು ಒಬ್ಬಳೇ ಗುಡ್ಡ ಹತ್ತು,
ಎಲ್ಲೆಲ್ಲೂ ಕಾಣ್ತದೆ."

ಇಷ್ಟಕ್ಕೇ ಬಸ್ಸು ಹತ್ತಬಹುದಿತ್ತು.
ಸೂಲಗಿತ್ತಿ ದ್ಯಾವೀರಮ್ಮ ಜಗುಲಿಯಿಂದ ಕೂಗಿದಳು.

ಚೀಲದಿಂದ ಗೆಡ್ಡೆ ತೆಗೆದು ಅವಳ ಅಂಗೈಗಿಟ್ಟೆ.
ಕಣ್ಣು ಕಾಣದು, ಹೆಬ್ಬೆರಳಲ್ಲಿ ಸವರಿದಳು,
ಎರಡು ಕವಲು, ಒಂದು ಉದ್ದ, ಒಂದು ಗಿಡ್ಡ,
ಬುಡದಲ್ಲಿ ಹೋದ ವರ್ಷದ ಸುಕ್ಕು ಸಿಪ್ಪೆ.
"ಹೆರಿಗೆ ಕಟ್ಟಿಕೊಂಡರೆ ಇದನ್ನ ತೇದು
ಅಂಗಾಲಿಗೆ ಹಚ್ಚುತಿದ್ದೆ. ಕೂಸು ಹೊರಕ್ಕೆ ಬಂದ ಗಳಿಗೇಲಿ
ಒರೆಸಿ ತೊಳೀಬೇಕು. ತಡ ಆದ್ರೆ ಜೀವಕ್ಕೇ ಬತ್ತದೆ.
ಇದು ಅಕ್ಕ, ಇದು ತಂಗಿ.
ಬಳ್ಳಿ ಹೆಸರು ನಿಮ್ಮನೇಲಿ ಯಾರೂ ಎತ್ತಾಕಿಲ್ಲ."

ಯಾಕಜ್ಜಿ?

"ನಿಮ್ಮವ್ವನ ಅಕ್ಕ.
ಗೆಣಸು ಅಂತ ತಿಳಿದು ತಿಂದವಳೆ
ಅಂತ ಊರಿಗೆಲ್ಲ ಹೇಳಿದ್ವು.
ಹೊಲದ ಮನೆ ಹುಡುಗಿ, ಗೆಣಸು ಗೊತ್ತಿರಲಿಲ್ವ ಅವಳಿಗೆ?"
ಗೆಡ್ಡೆ ವಾಪಸು ಕೊಟ್ಟಳು.
"ಮಾರನೇ ವರ್ಷ ನೀನು ಹುಟ್ದೆ. ಚೆನ್ನಾಜಿ ಅಂತ
ಅವಳ ಹೆಸರೇ ಇಟ್ಟರು."

ರಾತ್ರಿ ರೊಟ್ಟಿ ತಟ್ಟುತ್ತ ಅವ್ವ
ಬೆನ್ನು ತಿರುಗಿಸದೆ ಕರೆದಳು: "ಏ ಇವಳೇ."
ಮೂವತ್ತೆಂಟು ವರ್ಷದಿಂದ ಇವಳೇ.
ನಾನು ಓಗೊಟ್ಟೆ. ಎರಡನೇ ರೊಟ್ಟಿಯನ್ನೂ ಹಾಕಿಸಿಕೊಂಡೆ.

ಸೋಮವಾರ ಖಾನೆಯಲ್ಲಿ ಬರೆದೆ: ಅಕ್ಕತಂಗಿ ಬಳ್ಳಿ.
ಅಂಗುಲದೊಳಗೆ ಹಿಡಿಯಿತು.
ಆ ಹೆಸರು ಯಾಕಂತೆ, ಮೇಷ್ಟ್ರು ಕೇಳಿದರು.
ಗೆಡ್ಡೆಗೆ ಎರಡು ಕವಲು ಸಾರ್, ಅಂದೆ.
ಚೆನ್ನಾಗಿದೆ ಅಂತ ತಮ್ಮ ಡೈರಿಗೂ ಇಳಿಸಿಕೊಂಡರು.

ಸಂಗ್ರಹಿಸಿದವರು ಅಂತ ಕೆಳಗೆ ಅವರ ಹೆಸರಿದೆ.
ಅವರು ಟೀಗೆ ಹೋದಾಗ ಹಾಳೆ ಮಗುಚಿ
ಬೆನ್ನ ಮೇಲೆ ಪೆನ್ಸಿಲಿನಲ್ಲಿ
ಚೆನ್ನಾಜಿ ಅಂತ ಬರೆದೆ.
ಯಾರಾದರೂ ನೋಡಿದರೆ ನನ್ನದೇ ಅಂದುಕೊಳ್ಳಲಿ.

ನುಸಿಗುಳಿಗೆ ಹಾಕಿ ಬೀರು ಮುಚ್ಚಬೇಕು.
ಮುಚ್ಚುತ್ತಿಲ್ಲ.
ಇನ್ನೂರ ಹದಿನೇಳು ಸಮ ಕೂರದು,
ಎಷ್ಟು ಒತ್ತಿ ಒಣಗಿಸಿದರೂ ಗೆಡ್ಡೆ ದಪ್ಪ,
ಮೇಲಿನ ಹಾಳೆಗಳೆಲ್ಲ ಒಂದು ಬದಿಗೆ ವಾಲುತ್ತಿವೆ.